ಕೇಳದೆ ಉಳಿದ ದಾರಿ

ಹೆಂಡತಿ ಗಂಡನ ಹೆಸರು ಹೇಳಬಾರದು ಎನ್ನುತ್ತಾರೆ. ನಾನು ಹೇಳುತ್ತೇನೆ: ರಘೋತ್ತಮ. 'ಬಾರದು' ಎಂಬುದನ್ನೆಲ್ಲ ಪಾಲಿಸಿ ನನಗೆ ಸಾಕಾಗಿದೆ.

ಇವರು ಹಾವೇರಿಯಲ್ಲಿ ವೈದ್ಯರಾಗಿದ್ದರು. ವರ್ಷಕ್ಕೊಮ್ಮೆ, ದೀಪಾವಳಿ ಮುಗಿದ ಮೇಲೆ, ಬೇರು ನಾರು ತರಲು ಹಾನಗಲ್ಲಿನಾಚೆಯ ಬೆಟ್ಟದ ಕಾಡಿಗೆ ಹೋಗುತ್ತಿದ್ದರು. ೧೯೩೮ರಲ್ಲೂ ಹೊರಟರು. ಎರಡು ದಿನ ಕೂತು ತಯಾರಿ ಮಾಡಿದವಳು ನಾನು. ಹಚ್ಚಿದ ಅವಲಕ್ಕಿ, ಐದು ದಿನಕ್ಕೆ ಸಾಲುವಷ್ಟು ಕಟಕ ರೊಟ್ಟಿ, ಶೇಂಗಾ ಚಟ್ನಿ, ಕಡ್ಡಿಪೆಟ್ಟಿಗೆ, ಕಂಬಳಿ, ರಕ್ತ ಹೀರುವ ಇಂಬಳ ಹತ್ತಿದರೆ ಹಚ್ಚಲು ಸುಣ್ಣದ ಡಬ್ಬಿ.

ಬೆಟ್ಟದ ಬುಡದಿಂದ ಮೇಲಕ್ಕೆ ಎರಡು ಕಾಲುದಾರಿಗಳಿದ್ದವು. ಒಂದು ಹಳ್ಳದ ಗುಂಟ, ಇನ್ನೊಂದು ಬಂಡೆಗಳ ಮೇಲೆ. ಈ ಸಲ ಯಾವುದು ಎಂದು ಕೇಳಲು, ಇವರು ಚಪ್ಪಲಿ ಮೆಟ್ಟುವಾಗ ಬಾಯಿ ತೆರೆದೆ. ಅತ್ತೆ ಮಥುರಾಬಾಯಿ ಕಣ್ಣು ಕೆಕ್ಕರಿಸಿದರು. ಹೊರಟವರನ್ನು ಎಲ್ಲಿಗೆ, ಯಾವ ದಾರಿ ಎಂದು ಕೇಳಿದರೆ ಹೋದ ಕೆಲಸ ಕೆಡುತ್ತದಂತೆ. ಬಾಯಿ ಮುಚ್ಚಿದೆ. ಇವರು "ಬರ್ತೀನಿ" ಎಂದು ಗಾಡಿ ಹತ್ತಿದರು.

ಐದನೆಯ ದಿನ ಕರೆತರಲು ಹೋದ ಗಾಡಿಯ ದಾದಾಪೀರ ಕಾದು ಕಾದು ಒಬ್ಬನೇ ಬಂದ.

"ಯಾವ ಹಾದಿ ಹಿಡಿದ್ರು?" ಎಂದೆ.

"ಗೊತ್ತಿಲ್ರಿ ಬಾಯಾರ. ಹೊಂಟವರನ್ನ ಹೆಂಗ ಕೇಳೂದಂತ ನಾನೂ ಸುಮ್ಮನಾದೆ."

ಮೈದುನ ಬಾಳಕೃಷ್ಣ ನಾಲ್ಕು ಜನರನ್ನು ಕಟ್ಟಿಕೊಂಡು ಹೋದ. ಕರಡಿಯ ಭಯಕ್ಕೆ ಗುಂಪು ಒಡೆಯದೆ, ಮೂರು ದಿನ ಹಳ್ಳದ ಗುಂಟವೇ ಹುಡುಕಿದರು. ನಾಲ್ಕನೆಯ ದಿನ ಬಂಡೆಯ ದಾರಿ ಹತ್ತಿದರೆ, ಮಧ್ಯಾಹ್ನದೊಳಗೇ ಇವರು ಸಿಕ್ಕರು. ಕಾಲು ಮುರಿದಿತ್ತು. ಜೀವ ಇರಲಿಲ್ಲ, ಆದರೆ ಮೈ ಇನ್ನೂ ಪೂರ್ತಿ ತಣ್ಣಗಾಗಿರಲಿಲ್ಲ. ಚೀಲದಲ್ಲಿ ರೊಟ್ಟಿಯ ಒಂದು ಚೂರೂ ಉಳಿದಿರಲಿಲ್ಲ. ನಾನು ಕಟ್ಟಿಕೊಟ್ಟದ್ದನ್ನೇ ಇಷ್ಟಿಷ್ಟು ತಿನ್ನುತ್ತ, ಯಾರಾದರೂ ಬಂದಾರೆಂದು ಕಾದಿದ್ದರು.

ಅತ್ತೆಯ ಮೇಲೆ ನನಗೆ ಸಿಟ್ಟು ಬಂತು. ಅದಕ್ಕಿಂತ ಹೆಚ್ಚು ನನ್ನ ಮೇಲೆ. ಒಂದೇ ಅಡುಗೆಮನೆಯಲ್ಲಿ ತಿಂಗಳುಗಟ್ಟಲೆ ನಾವಿಬ್ಬರೂ ಮಾತಾಡಲಿಲ್ಲ.

ಮುಂದಿನ ದೀಪಾವಳಿಯ ಹೊತ್ತಿಗೆ ಬಾಳಕೃಷ್ಣ ಬ್ಯಾಡಗಿಗೆ ಹೊರಟ. ರೈಲಿನಲ್ಲಿ ಹೋಗಿ ಸಂಜೆಗೆ ಮರಳುವ ಊರು. ಹೊಸ್ತಿಲು ದಾಟುತ್ತಿದ್ದವನ ತೋಳನ್ನು ಅತ್ತೆ ಗಟ್ಟಿಯಾಗಿ ಹಿಡಿದರು.

"ಎಲ್ಲಿಗೆ ಹೊಂಟೀಯೋ? ಯಾವ ಹಾದೀಲೆ ಹೋಗ್ತೀ?"

ರೈಲಿಗೆ ಇರುವುದು ಒಂದೇ ದಾರಿ. ಆದರೂ ಅವನು ನಿಂತು, ನಿಧಾನವಾಗಿ ಎಲ್ಲ ಹೇಳಿದ. ಅತ್ತೆ ನನ್ನ ಕಡೆ ತಿರುಗಿದರು.

"ನೀನೂ ಕೇಳವಾ, ಕಾಶೀ," ಎಂದರು.

ಕೇಳಿದೆ. ನಾನು ಕೇಳಬೇಕಾಗಿದ್ದವರು ಹೋಗಿ ವರ್ಷವಾಗಿತ್ತು.