ಬಿಲ್ ಮಿಷನ್ನಿನ ಚೀಲ

"ಬೆರಳು ತೆಗೀಲಾ, ಚುಚ್ಕಂಡೀಯ," ಎಂದು ದೊಡ್ಡಹನುಮಯ್ಯ ಮಗನ ಕೈಯನ್ನು ಮೊಣಕೈಯಿಂದಲೇ ತಳ್ಳಿ ತೊಗಲಿಗೆ ಉಳಿ ಒತ್ತಿದ.

ಗಂಗ ಅಳತೆಗೆಂದು ಮಿಷನ್ನು ಹಿಡಿದು ಕೂತಿದ್ದ. ಮನೆಮನೆಯ ಕರೆಂಟು ಮೀಟರು ನೋಡಿ ಅಲ್ಲೇ ಬಿಲ್ಲು ಹರಿದುಕೊಡುವ ಕೈಮಿಷನ್ನು. ಅದರ ಜೊತೆ ಕೊಟ್ಟಿದ್ದ ರೆಕ್ಸಿನ್ ಚೀಲದ ಪಟ್ಟಿ ಕಿತ್ತು, ಹೋದ ವಾರ ಮಿಷನ್ನು ಕಲ್ಲುಚಪ್ಪಡಿಯ ಮೇಲೆ ಬಿದ್ದು ಮೂಲೆ ಬಿರಿದಿತ್ತು. ಇನ್ನೊಂದು ಸಲ ಬಿದ್ದರೆ ಕೆಲಸಕ್ಕೆ ಬರಬೇಡ ಅಂದಿದ್ದ ಗುತ್ತಿಗೆದಾರ. ಹಾಗಾಗಿ ಭಾನುವಾರ ಬಸ್ಸು ಹತ್ತಿ ಕೂಟಗಲ್ಲಿನ ಹಟ್ಟಿಗೆ ಬಂದಿದ್ದ. ಚೀಲ ಹೊಲಿಸಿಕೊಳ್ಳಲು ಬಂದಿದ್ದನೇ ಹೊರತು ಅಪ್ಪನನ್ನು ನೋಡಲು ಅಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

ದೊಡ್ಡಹನುಮಯ್ಯ ಕೆರ ಹೊಲಿಯುವುದು ಬಿಟ್ಟು ವರ್ಷಗಳಾಗಿದ್ದವು. ಅಟ್ಟದಲ್ಲಿ ಸುತ್ತಿಟ್ಟಿದ್ದ ತೊಗಲಿನ ತುಂಡನ್ನು ಇಳಿಸಿ, ಎಣ್ಣೆ ಸವರಿ, ಬಿಸಿಲಿಗೆ ಕಾಯಿಸಿ ಮೆತ್ತಗೆ ಮಾಡಿಕೊಂಡಿದ್ದ. ಬಿಲ್ಲು ಹೊರಬರುವ ಕಡೆ ಒಂದು ಸೀಳು, ಗುಂಡಿಗಳ ಮೇಲೆ ಎತ್ತುವ ಮುಚ್ಚಳ, ಕೊರಳಿಗೆ ಹಾಕಿಕೊಳ್ಳಲು ಪಟ್ಟಿ. ಎಲ್ಲ ಚೆನ್ನಾಗಿಯೇ ಬರುತ್ತಿತ್ತು. ಆದರೆ ಹೊಲಿಗೆ ಅವನದೇ. ನಾಲ್ಕು ತೂತಿಗೊಮ್ಮೆ ತೊಗಲಿನ ಬಾರನ್ನು ಅಡ್ಡ ಹಾಯಿಸಿ, ಕೆಳಗಿನ ಎಳೆಗೆ ಸಿಕ್ಕಿಸಿ ಜಗ್ಗುತ್ತಿದ್ದ. ಅಲ್ಲೊಂದು ಗಂಟು ರಾಗಿತೆನೆಯ ಹಾಗೆ ಉಬ್ಬುತ್ತಿತ್ತು. ಎತ್ತು ಕಟ್ಟಿ ಬಾವಿಯಿಂದ ನೀರೆಳೆಯುತ್ತಿದ್ದ ಕಾಲದಲ್ಲಿ, ಕಪಿಲೆಯ ತೊಗಲ ಬಾನಿ ಸೋರದಿರಲೆಂದು ಅವನ ಅಪ್ಪ ಕಲಿಸಿದ ಹೊಲಿಗೆ.

"ಆ ಗಂಟೆಲ್ಲ ಯಾಕಪ್ಪ? ಅಂಗ್ಡೀದ್ರಂಗೆ ಸಾದಾ ಹೊಲಿ."

"ಸಾದಾ ನಂಗ್ ಬರಕಿಲ್ಲ ಕಣ್ಲಾ."

"ನೋಡಿದೋರ್ಗೆ ಗೊತ್ತಾಗ್ಬುಡ್ತದೆ."

"ಏನ್ ಗೊತ್ತಾಯ್ತದೆ? ಚೀಲ ಅಂತ ಗೊತ್ತಾಯ್ತದೆ." ಮುದುಕ ನಕ್ಕ. "ಸೊಸೆ ಹೆಂಗವ್ಳೆ?"

"ಚೆಂದಾಗವ್ಳೆ."

"ಒಂದಿನ ಬತ್ತೀನಿ ಕಣ್ಲಾ, ನೋಡ್ಕಂಡ್ ಹೋಗಕೆ."

ಗಂಗ ಮಿಷನ್ನನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡ.

ಸಾತನೂರಿನಲ್ಲಿ ಮನೆ ಹುಡುಕಿ ಅವನೂ ಹೆಂಡತಿ ಚಿನ್ನಮ್ಮನೂ ತಿರುಗದ ಬೀದಿ ಇರಲಿಲ್ಲ. ಕೆಲಸ ಕೇಳುತ್ತಿದ್ದರು, ಊರು ಕೇಳುತ್ತಿದ್ದರು, ಆಮೇಲೆ "ನೀವು ಯಾವ್ ಜನ?" ಅನ್ನುತ್ತಿದ್ದರು. ನಿಜ ಹೇಳಿದ ಕಡೆಯೆಲ್ಲ ಮನೆ ಆಗ ತಾನೇ ಬೇರೆಯವರಿಗೆ ಹೋಗಿಬಿಟ್ಟಿರುತ್ತಿತ್ತು. ಬಾಗಿಲ ಮೇಲಿನ ‘ಬಾಡಿಗೆಗಿದೆ’ ಬೋರ್ಡು ಮಾತ್ರ ಮುಂದಿನ ವಾರವೂ ಅಲ್ಲೇ ನೇತಾಡುತ್ತಿತ್ತು. ಕೊನೆಗೆ ಮನೆ ಬಾಡಿಗೆಗೆ ಕೊಡುತ್ತಿದ್ದ ಮಾಯಮ್ಮನ ಜಗಲಿಯಲ್ಲಿ ನಿಂತು ಗಂಗ, "ನಿಮ್ಮೋರೇ ಕಣವ್ವ, ಮಾಗಡಿ ಕಡೆ. ಗಂಗಾಧರ ಅಂತ," ಅಂದ. ಜಾತಿ, ಊರು, ಗಂಗಹನುಮಯ್ಯ ಅನ್ನುವ ನಿಜ ಹೆಸರು, ಮೂರೂ ಒಂದೇ ಉಸಿರಿಗೆ ಹೋದವು. ಬಂದದ್ದು ಒಂದು ಕೋಣೆ, ಒಂದು ಬಚ್ಚಲು.

ಮಾಯಮ್ಮ ಕೆಟ್ಟವಳಾಗಿದ್ದರೆ ಸುಲಭವಾಗುತ್ತಿತ್ತು. ಅವಳು ಬಸುರಿ ಚಿನ್ನಮ್ಮನಿಗೆಂದು ಬಸ್ಸಾರು ತಂದುಕೊಡುತ್ತಿದ್ದಳು, ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ಚಿನ್ನಮ್ಮನಿಗೆ ತಾಯಿ ಇರಲಿಲ್ಲ. "ಬಾಣಂತನ ನಾನ್ ಮಾಡ್ತೀನಿ, ಸುಮ್ಕಿರು," ಅಂದಿದ್ದಳು ಮಾಯಮ್ಮ. ಆ ಮಾತನ್ನು ಚಿನ್ನಮ್ಮ ಗಂಡನಿಗೆ ಎಷ್ಟೋ ಸಲ ಹೇಳಿದ್ದಳು.

ಹೊಸ ಚೀಲ ಕೊರಳಿಗೆ ಹಾಕಿಕೊಂಡು ಗಂಗ ಮೊದಲು ಓದಿದ್ದು ಮಾಯಮ್ಮನ ಮೀಟರನ್ನೇ. ಬಿಲ್ಲಿಗೆ ಕೈ ಚಾಚಿದ ಅವಳು ಚೀಲವನ್ನು ಹಿಡಿದುಕೊಂಡಳು. ಗಂಟುಗಳ ಮೇಲೆ ಹೆಬ್ಬೆಟ್ಟು ಆಡಿಸಿದಳು.

"ಇದು ನಮ್ ದೊಡ್ಡಹನುಮನ ಕೈ ಕಣಪ್ಪ. ಎಲ್ಲಿ ಸಿಕ್ತು?"

"ಯಾವ್ ದೊಡ್ಡಹನುಮ?"

"ನನ್ ತವ್ರು ಕೂಟಗಲ್ಲು. ನಮ್ಮಪ್ಪನ ಕಪಿಲೆ ಬಾನಿ ಹೊಲೀತಿದ್ದ, ಹಟ್ಟಿಯೋನು. ಬ್ಯಾರೆ ಯಾರ ಕೈಗೂ ಈ ಗಂಟು ಬತ್ತಿರ್ಲಿಲ್ಲ. ನಿಂಗೆ ಆವಯ್ಯ ಹೆಂಗ್ ಗೊತ್ತು?"

ಒಳಗೆ ಚಿನ್ನಮ್ಮ ರೊಟ್ಟಿ ತಟ್ಟುತ್ತಿದ್ದ ಸದ್ದು ನಿಂತಿತು.

"ಗೊತ್ತಿಲ್ಲ ಕಣವ್ವ," ಅಂದ ಗಂಗ. "ರಾಮನಗರದ ಬಸ್‌ಸ್ಟ್ಯಾಂಡ್ ತಾವ ಯಾರೋ ಮುದ್ಕ ಕೂತಿದ್ದ. ಹೊಲ್ಕೊಟ್ಟ."

"ಪಾಪ, ಅಲ್ಲಿ ಬಂದ್ ಕೂತವ್ನಾ. ಒಂದಿನ ಕರ್ಕಂಡ್ ಬಾ. ಕಾಲಲ್ಲಿ ಆಣಿ, ಅಂಗ್ಡಿ ಚಪ್ಲಿ ಒಂದೂ ಆಯ್ತಾಯಿಲ್ಲ. ಆವಯ್ಯನ ಕೆರ ಆದ್ರೆ ನಡೀಬೌದು."

ಗಂಗ ಇವತ್ತು ನಾಳೆ ಅಂದ. ಸಿಗಲಿಲ್ಲ ಅಂದ. ಮಾಯಮ್ಮ ಬಿಡಲಿಲ್ಲ, ನಾನೇ ಬಸ್ಸು ಹತ್ತಿ ಕೂಟಗಲ್ಲಿಗೆ ಹೋಗಿ ವಿಚಾರಿಸ್ತೀನಿ ಅನ್ನತೊಡಗಿದಳು. ಅವಳು ಹಾಗೆ ಹೋಗಿಬಿಟ್ಟರೆ, ಕೂಟಗಲ್ಲಿನಲ್ಲಿ ಯಾರನ್ನು ಕೇಳಿದರೂ ದೊಡ್ಡಹನುಮಯ್ಯನ ಮಗ ಮೀಟರ್ ಓದುವವನು, ಸಾತನೂರಲ್ಲಿದ್ದಾನೆ ಅನ್ನುತ್ತಿದ್ದರು. ಗಂಗ ಹಟ್ಟಿಗೆ ಹೋಗಿ ಚೀಲವನ್ನು ಅಪ್ಪನ ಮುಂದೆ ಎಸೆದ.

"ಬಡ್ಕಂಡೆ ನಾನು, ಸಾದಾ ಹೊಲಿ ಅಂತ. ಇಷ್ಟಗಲ ತೊಗ್ಲಲ್ಲಿ ನಿನ್ ಹೆಸ್ರು ಬರ್ದು ಕಳ್ಸಿದ್ದೀಯ. ಈಗೇನ್ ಮಾಡ್ಲಿ, ಹೇಳು."

ದೊಡ್ಡಹನುಮಯ್ಯ ಎಲ್ಲವನ್ನೂ ಕೇಳಿಸಿಕೊಂಡ. ಚೀಲವನ್ನೆತ್ತಿ ಮಣ್ಣು ಕೊಡವಿದ.

"ಬತ್ತೀನಿ ಬುಡು. ಕೆರ ಹೊಲಿಯೋನಾಗೇ ಬತ್ತೀನಿ. ಸೊಸೇನೂ ನೋಡ್ದಂಗಾಯ್ತದೆ."

ಅಪ್ಪ ಬೈದಿದ್ದರೆ ಚೆನ್ನಾಗಿತ್ತು. ಮುಖಕ್ಕೆ ಉಗಿದಿದ್ದರೆ ಇನ್ನೂ ಚೆನ್ನಾಗಿತ್ತು. ಮುದುಕ ಎದ್ದು ಒಗೆದ ಪಂಚೆ ಹುಡುಕುತ್ತಿದ್ದ. ಆಮೇಲೆ ಏನೋ ಹೊಳೆದು ಅದನ್ನು ಮಡಚಿಟ್ಟು ಹಳೆಯದನ್ನೇ ಉಟ್ಟ.

ಮಾಯಮ್ಮನ ಅಂಗಳದಲ್ಲಿ, ಜಗಲಿಯಿಂದ ಎಷ್ಟು ದೂರ ನಿಲ್ಲಬೇಕೆಂದು ಅವನಿಗೆ ಯಾರೂ ಹೇಳಬೇಕಾಗಲಿಲ್ಲ.

"ನಾನ್ ಯಾರು, ಗೊತ್ತಾಯ್ತೇನ್ಲಾ ದೊಡ್ಡಹನುಮ?"

"ಗೊತ್ತಾಗ್ದೆ. ಬಾನಿ ಒಳಿಕ್ಕೆ ಇಳಿದು ಬಚ್ಚಿಟ್ಕತಿದ್ರಲ್ಲ ಚಿಕ್ಕವ್ವಾರು."

ಮಾಯಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಮಕ್ಳೆಷ್ಟು ನಿಂಗೆ?"

"ಒಬ್ಬ ಇದ್ದ ಕಣವ್ವ."

"ಇದ್ದ ಅಂದ್ರೆ?"

"ಊರ್ ಬುಟ್ಟು ಹೋದ. ಚೆಂದಾಗವ್ನಂತೆ."

"ನೋಡಕ್ ಬರಕಿಲ್ವಾ?"

"ಪುರುಸೊತ್ತಿರಕಿಲ್ಲ, ಪಾಪ."

ಮಾಯಮ್ಮ ಮೆಟ್ಟಿಲಿಳಿದು, ಅಳತೆಗೆಂದು ನೆಲದ ಮೇಲೆ ಹಾಸಿದ್ದ ಪೇಪರಿನ ಮೇಲೆ ಕಾಲಿಟ್ಟಳು. ದೊಡ್ಡಹನುಮಯ್ಯ ಇದ್ದಿಲಿನ ಚೂರು ಹಿಡಿದು ಹತ್ತಿರ ಬಂದಾಗ ಕಾಲನ್ನು ಹಿಂದಕ್ಕೆಳೆದುಕೊಂಡಳು. ಸಿಟ್ಟಿನಿಂದಲ್ಲ, ಬಿಸಿಗೆ ಕೈ ಹಿಂದೆಗೆಯುವ ಹಾಗೆ.

"ಅಲ್ಲೇ ಇರು. ಗಂಗಾಧರ, ನೀನ್ ಗೀಚಪ್ಪ. ಆವಯ್ಯ ಹೇಳ್ಕೊಡ್ತಾನೆ."

ಮುದುಕ ಇದ್ದಿಲನ್ನು ನೆಲದ ಮೇಲಿಟ್ಟು ಹಿಂದೆ ಸರಿದ. ಗಂಗ ಅದನ್ನೆತ್ತಿಕೊಂಡು ಮಂಡಿಯೂರಿ ಕೂತ. ಹಿಮ್ಮಡಿಯಿಂದ ಶುರುಮಾಡಿದ.

"ಹೆಬ್ಬೆಟ್ಟಿನ ತಾವ ಒಸಿ ಸಡ್ಲ ಬುಡಿ, ಬುದ್ಧಿ."

ಇದ್ದಿಲು ಮುರಿಯಿತು.

"ಒತ್ಬ್ಯಾಡಿ ಬುದ್ಧಿ. ಮೆಲ್ಲಕೆ."

ಗಂಗ ತಲೆಯೆತ್ತಲಿಲ್ಲ. ಎತ್ತಿದ್ದರೆ ಏನು ಮಾಡಿಬಿಡುತ್ತಿದ್ದನೋ. ಉಳಿದ ಚೂರಿನಲ್ಲೇ ಬೆರಳುಗಳನ್ನೆಲ್ಲ ಸುತ್ತಿ ಬಂದು ಗೆರೆ ಮುಗಿಸಿದ. ಮಾಯಮ್ಮ ಜಗಲಿ ಹತ್ತಿ ಕೂತಳು.

ಚಿನ್ನಮ್ಮ ಬಾಗಿಲಿಗೆ ಬಂದು ನಿಂತಿದ್ದಳು. ದೊಡ್ಡಹನುಮಯ್ಯ ಅವಳನ್ನು ಒಂದೇ ಸಲ ನೋಡಿದ. ಮುಖ ನೋಡಿ, ಹೊಟ್ಟೆ ನೋಡಿ, ಮಣ್ಣಿನ ಕಡೆ ತಿರುಗಿಕೊಂಡ.

"ಒಸಿ ನೀರು ಸಿಕ್ಕೀತಾ, ಅವ್ವ?"

ಚಿನ್ನಮ್ಮ ಲೋಟದಲ್ಲಿ ನೀರು ತಂದು, ಎರಡು ಕೈಯಲ್ಲಿ ಹಿಡಿದು ಅಂಗಳಕ್ಕಿಳಿದಳು.

"ಲೋಟ ಬ್ಯಾಡ ಕಣವ್ವ," ಅಂದಳು ಮಾಯಮ್ಮ, ಮೆಲ್ಲಗೆ, ತಿಳಿಯದವಳಿಗೆ ತಿಳಿಸಿಕೊಡುವ ಹಾಗೆ. "ಅಲ್ಲಿ ಚೊಂಬೈತೆ ನೋಡು. ಮ್ಯಾಲಿಂದ ಬುಡು."

ಚಿನ್ನಮ್ಮ ಗಂಡನ ಮುಖ ನೋಡಿದಳು. ದೊಡ್ಡಹನುಮಯ್ಯ ಆಗಲೇ ಬಾಗಿ ಬೊಗಸೆ ಒಡ್ಡಿದ್ದ. "ಬುಡವ್ವ," ಅಂದ.

ಅವಳು ಚೊಂಬೆತ್ತಿ ಸುರಿದಳು. ನೀರು ಬೊಗಸೆ ತುಂಬಿ, ಮೊಣಕೈಯಿಂದ ಇಳಿದು, ಅಂಗಳದಲ್ಲಿ ಹರಿಯಿತು.

"ನೋಡ್ಕಂಡ್ ಬುಡವ್ವ, ಅಳತೆ ನೆನೀತದೆ," ಅಂದಳು ಮಾಯಮ್ಮ.

ಗಂಗ ಪೇಪರನ್ನು ಎತ್ತಿಕೊಂಡ. ಒಂದು ಅಂಚು ಒದ್ದೆಯಾಗಿ ಇದ್ದಿಲಿನ ಗೆರೆ ಹರಡುತ್ತಿತ್ತು. ಅದನ್ನು ಎರಡು ಕೈಯಲ್ಲೂ ಬಿಸಿಲಿಗೆ ಹಿಡಿದು ನಿಂತ. ಅಪ್ಪ ಇನ್ನೂ ಕುಡಿಯುತ್ತಿದ್ದ.