ಬೆನ್ನು ತಿರುಗಿಸಿ ನಿಂತ ಕಾರು

ಮೈದಾನದ ಸುತ್ತ ನಿಂತಿದ್ದ ಕಾರುಗಳೆಲ್ಲ ಒಟ್ಟಿಗೆ ಹಾರನ್ ಬಾರಿಸಿದವು. ರಾಜಣ್ಣ ಸ್ಟೇರಿಂಗನ್ನು ಗಟ್ಟಿಯಾಗಿ ಹಿಡಿದುಕೊಂಡು ಕಣ್ಣು ಮುಚ್ಚಿದ. ತಿರುಗಿ ನೋಡಬಾರದು, ಕನ್ನಡಿಯಲ್ಲೂ ನೋಡಬಾರದು. ಕನ್ನಡಿಯನ್ನು ಅವನು ಬಂದ ತಕ್ಷಣವೇ ಮೇಲಕ್ಕೆ ತಿರುಗಿಸಿಟ್ಟಿದ್ದ. ಅದರಲ್ಲಿ ಈಗ ಕಾರಿನ ಚಾವಣಿ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಬೇಲಿಯ ಹತ್ತಿರ ಕೂತಿದ್ದ ಹೆಂಡತಿಗೆ ಫೋನ್ ಮಾಡಿದ.

"ಯಾರ್ದು ಸರಸು, ನಮ್ದಾ?"

"ನಮ್ದೇ. ಎಷ್ಟ್ ಸಲ ಕೇಳ್ತೀರ? ನೂರು ಹೆಜ್ಜೆ ನಡ್ಕೊಂಡ್ ಬಂದು ನೋಡಕ್ಕಾಗಲ್ವಾ?"

"ನಾನ್ ನೋಡಲ್ಲ. ಇಂಚರಾ ಹೆಂಗಾಡ್ತಾವಳೆ?"

"ಮೈಯೆಲ್ಲ ಕೆಸರಾಗಿದೆ. ಮಿಕ್ಕಿದ್ದು ನಂಗೇನ್ ಗೊತ್ತಾಗುತ್ತೆ?" ಎಂದು ಸರಸ್ವತಿ ಫೋನಿಟ್ಟಳು.

ಮೆಲ್ಬರ್ನಿನಲ್ಲಿ, ಚೆಂಡನ್ನು ಕೈಯಲ್ಲೂ ಹಿಡಿದು ಆಡುವ ಇಲ್ಲಿನ ಫುಟ್‌ಬಾಲಿಗೆ ಫುಟಿ ಎನ್ನುತ್ತಾರೆ. ಅದರ ಮೈದಾನಗಳಲ್ಲಿ ಜನ ಕಾರುಗಳನ್ನು ಬೇಲಿಗೆ ಮೂತಿ ತಾಗಿಸಿ ನಿಲ್ಲಿಸಿ, ಒಳಗೇ ಬೆಚ್ಚಗೆ ಕೂತು ಆಟ ನೋಡುತ್ತಾರೆ. ತಮ್ಮವರು ಗೋಲು ಹೊಡೆದರೆ ಹಾರನ್ ಬಾರಿಸುತ್ತಾರೆ. ಕ್ಲೇಟನ್ನಿನ ಆ ಮೈದಾನಕ್ಕೆ ಅಂದು ಅರವತ್ತು ಕಾರುಗಳು ಬಂದಿದ್ದಿರಬಹುದು. ಅವುಗಳಲ್ಲಿ ಒಂದು ಮಾತ್ರ ಆಟಕ್ಕೆ ಬೆನ್ನು ಹಾಕಿ, ಎದುರಿಗಿದ್ದ ಕಸದ ತೊಟ್ಟಿಯನ್ನು ನೋಡುತ್ತಾ ನಿಂತಿತ್ತು. ಅದು ಕ್ರಾನ್‌ಬರ್ನ್‌ನ ಬಸ್ ಡ್ರೈವರ್ ರಾಜಣ್ಣನ ಕಾರು.

ಅವನ ಲೆಕ್ಕ ಸರಳವಾಗಿತ್ತು. ಫಿಸಿಯೋಥೆರಪಿ ಓದುತ್ತಿದ್ದ ಮಗಳು ಯೂನಿವರ್ಸಿಟಿ ಹುಡುಗಿಯರ ಫುಟಿ ತಂಡ ಸೇರಿದ ಮೇಲೆ ಒಂಬತ್ತು ಮ್ಯಾಚು ನಡೆದಿದ್ದವು. ರಾಜಣ್ಣ ಎರಡನ್ನು ನೋಡಿದ್ದ, ಎರಡರಲ್ಲೂ ಸೋತರು. ಅವನು ನೋಡದ ಏಳರಲ್ಲೂ ಗೆದ್ದರು. ಇದಕ್ಕೆ ಮೂಢನಂಬಿಕೆ ಎಂದರೆ ಅವನಿಗೆ ಸಿಟ್ಟು ಬರುತ್ತಿತ್ತು. ಕ್ರಿಕೆಟ್ಟಿನಲ್ಲೂ ಅವನದು ಇದೇ ಶಾಸ್ತ್ರ. ಒಮ್ಮೆ ಸರಸ್ವತಿ ನೀರು ಕುಡಿಯಲು ಅಡುಗೆಮನೆಗೆ ಹೋದಾಗ ಸಿಕ್ಸರ್ ಬಿತ್ತೆಂದು, ಬಾಕ್ಸ್ ಹಿಲ್ ಆಸ್ಪತ್ರೆಯಲ್ಲಿ ಇಡೀ ದಿನ ನಿಂತು ದುಡಿದು ಬಂದ ಆ ನರ್ಸಮ್ಮನನ್ನು ಒಂದೂವರೆ ತಾಸು ಅಲ್ಲೇ ನಿಲ್ಲಿಸಿದ್ದ. ಭಾರತ ಗೆದ್ದಿತು. ಸರಸ್ವತಿ ಎರಡು ದಿನ ಮಾತು ಬಿಟ್ಟಳು. ತನ್ನ ಹೆಂಡತಿಗೆ ಹಾಕಿದ ಕಾನೂನನ್ನು ತನಗೂ ಹಾಕಿಕೊಳ್ಳುವಷ್ಟು ನ್ಯಾಯವಂತ ರಾಜಣ್ಣ.

ಅದರಲ್ಲೂ ಇವತ್ತು ಫೈನಲ್, ಅದೂ ಸಿಡ್ನಿಯವರ ಮೇಲೆ. ಒಂಬತ್ತು ವರ್ಷಗಳಿಂದ ಅವರೇ ಗೆದ್ದು ಕಪ್ ಒಯ್ಯುತ್ತಿದ್ದರು. ಫುಟಿ ಹುಟ್ಟಿದ ಊರಾದ ಮೆಲ್ಬರ್ನಿನವರು ಅದರಲ್ಲೇ ಸಿಡ್ನಿಯವರ ಕೈಲಿ ಸೋಲುವುದೆಂದರೆ ತಿಪಟೂರಿನವರು ಬೇರೆ ಊರಿಂದ ತೆಂಗಿನಕಾಯಿ ತರಿಸಿದ ಹಾಗೆ. ತಿಪಟೂರಿನವನೇ ಆದ ರಾಜಣ್ಣನಿಗೆ ಆ ನಾಚಿಕೆ ಚೆನ್ನಾಗಿ ಅರ್ಥವಾಗುತ್ತಿತ್ತು. "ಶನಿವಾರ ಡ್ಯೂಟಿ ಬಿದ್ದದೆ ಕಣಮ್ಮ, ಬರಕ್ಕಾಗಲ್ಲ," ಎಂದು ಮಗಳಿಗೆ ಸುಳ್ಳು ಹೇಳಿದ್ದ. ಅವಳು "ಇಟ್ಸ್ ಫೈನ್ ಅಪ್ಪಾ," ಎಂದು ತಲೆಯೆತ್ತದೆ ಬೂಟು ಒರೆಸುತ್ತಾ ಕೂತಿದ್ದಳು.

ಆದರೆ ಬೆಳಿಗ್ಗೆ, ಮಗಳು ಹೊರಟುಹೋದ ಮೇಲೆ, ಸರಸ್ವತಿ ಒಂದು ಮಾತು ಹೇಳಿದಳು. "ನಿಮಗೆ ಅವ್ಳು ಆಡೋದು ಇಷ್ಟ ಇಲ್ವಂತೆ. ಎರಡ್ ಸಲ ಬಂದು, ನಾಚ್ಕೊಂಡು, ಆಮೇಲೆ ಬರೋದೇ ಬಿಟ್ರಂತೆ. ನನ್ ಹತ್ರ ಹೇಳ್ಕೊಂಡ್ಲು."

ರಾಜಣ್ಣನ ಕೈಯಲ್ಲಿದ್ದ ಕಾಫಿ ತಣ್ಣಗಾಯಿತು. ಮಗಳ ಫೋಟೋವನ್ನು ಡಿಪೋದ ಎಲ್ಲರಿಗೂ ತೋರಿಸಿ ಬೇಸರ ಹುಟ್ಟಿಸಿದ್ದವನು ಅವನು. ಹೋಗಿ ನಿಂತರೆ ಸೋಲುತ್ತಾಳೆ. ಹೋಗದಿದ್ದರೆ ಅಪ್ಪನಿಗೆ ತಾನು ಬೇಡ ಎಂದುಕೊಳ್ಳುತ್ತಾಳೆ. ಇದೊಂದು ಗೆದ್ದುಬಿಡಲಿ, ಆಮೇಲೆ ಎಲ್ಲ ಹೇಳಿದರಾಯಿತು ಎಂದು ಕಾರು ತೆಗೆದಿದ್ದ.

ಅರ್ಧ ಆಟ ಮುಗಿದಾಗ ಯಾರೋ ಕಿಟಕಿ ತಟ್ಟಿದರು. ವಿರುಪಾಕ್ಷ. ಧಾರವಾಡದವರು, ಇದೇ ಯೂನಿವರ್ಸಿಟಿಯಲ್ಲಿ ಎಂಜಿನಿಯರಿಂಗ್ ಪಾಠ ಹೇಳಿ ನಿವೃತ್ತರಾದವರು. ಕನ್ನಡ ಸಂಘದ ಯುಗಾದಿ ಊಟದಲ್ಲಿ ಒಂದೇ ಪಂಕ್ತಿಯಲ್ಲಿ ಕೂತ ಪರಿಚಯ. ಹುಡುಗಿಯರ ತಂಡದ ಸ್ಕೋರ್‌ಬೋರ್ಡ್ ಹನ್ನೆರಡು ವರ್ಷದಿಂದ ಅವರದೇ ಜವಾಬ್ದಾರಿ.

"ರಾಜಣ್ಣಾರ, ಇಲ್ಲಿ ಒಬ್ಬರ ಕುಂತು ಏನ್ ಮಾಡಾಕತ್ತೀರಿ? ಬರ್ರಿ. ನಂಬರ್ ಹಾಕಾಕಿ ಬೆನ್ನು ಹಿಡಕೊಂಡದ ಅಂತ ಮನೀಗೆ ಹೋದ್ಲು. ನಾ ಒಬ್ಬನ ಆಟಾನೂ ನೋಡಿ, ನಂಬರೂ ಹಾಕಾಕ ಆಗೂದಿಲ್ಲ."

"ಸಾರ್, ನಾನು ಆಟ ನೋಡೋ ಹಂಗಿಲ್ಲ."

"ನೋಡಬ್ಯಾಡ್ರಿ. ನಾ ನೋಡ್ತೇನಿ, ನೀವು ಹಾಕ್ರಿ."

ಸ್ಕೋರ್‌ಬೋರ್ಡ್ ಎಂದರೆ ಗೋಲಿನ ಕಂಬಗಳ ಹಿಂದೆ, ನಾಲ್ಕು ಮೆಟ್ಟಿಲು ಎತ್ತರದಲ್ಲಿದ್ದ ತಗಡಿನ ಗೂಡು. ವಿರುಪಾಕ್ಷ ಕಿಂಡಿಯ ಮುಂದೆ ಸ್ಟೂಲು ಹಾಕಿಕೊಂಡು ಕೂತರು. ರಾಜಣ್ಣ ಮೈದಾನಕ್ಕೆ ಬೆನ್ನು ಮಾಡಿ, ಅವರು ಕೂಗಿದ ಅಂಕಿಯ ಹಲಗೆ ಹುಡುಕಿ, ಪಕ್ಕದ ಸಂದಿನಲ್ಲಿ ಕೈಯಾಡಿಸಿ ಕೊಕ್ಕೆಗೆ ತಗುಲಿಸಿದ. ಸಾಲಾಗಿ ನಿಂತ ನಾಲ್ಕು ಕಂಬಗಳಲ್ಲಿ ನಡುವಿನ ಎರಡರ ಮಧ್ಯೆ ಚೆಂಡು ಹೋದರೆ ಆರು. ಗುರಿ ತಪ್ಪಿ ಪಕ್ಕಕ್ಕೆ ಹೋದರೂ ಒಂದು. ತಪ್ಪಿದವರಿಗೂ ಏನಾದರೂ ಕೊಟ್ಟು ಕಳಿಸುವ ಈ ಆಟದ ಮರ್ಯಾದೆ ಅವನಿಗೆ ಮೊದಲಿನಿಂದಲೂ ಹಿಡಿಸಿತ್ತು.

ನೋಡದೆ ಮಗಳ ಜೊತೆ ಇರುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಸಿಗುವುದಿಲ್ಲ ಎನ್ನಿಸಿತು. ಕೊನೆಯ ಕಾಲುಭಾಗ ಮುಗಿಯುತ್ತಾ ಬಂದಾಗ ಕ್ಲೇಟನ್ ನಲವತ್ತೊಂದು, ಸಿಡ್ನಿ ಮೂವತ್ತೊಂಬತ್ತು. ವಿರುಪಾಕ್ಷ ಸ್ಟೂಲಿನ ಮೇಲೆ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಹೊರಳತೊಡಗಿದರು.

"ರಾಜಣ್ಣಾರ, ನಾ ಬಾತ್‌ರೂಮಿಗೆ ಹೋಗಬೇಕು."

"ಈಗ್ಲಾ ಸಾರ್?"

"ನನಗ ಎಪ್ಪತ್ನಾಲ್ಕು ಆಗ್ಯಾವ್ರೀ. ನನ್ನ ಕೇಳಿ ಬರೂದಿಲ್ಲ ಅದು. ಅಂಪೈರ್ ಎರಡು ನಿಶಾನಿ ಬೀಸಿದ್ರ ಆರು, ಒಂದು ಬೀಸಿದ್ರ ಒಂದು. ನೋಡಿ ಹಾಕ್ರಿ, ಅಷ್ಟ."

ಅವರು ಇಳಿದು ಹೋದರು. ಕಿಂಡಿ ತೆರೆದೇ ಇತ್ತು. ಕಣ್ಣು ಮುಚ್ಚಿಕೊಳ್ಳೋಣ ಎಂದು ರಾಜಣ್ಣ ಒಂದು ಕ್ಷಣ ಯೋಚಿಸಿದ. ಆದರೆ ಹದಿನಾಲ್ಕು ವರ್ಷ ಬಸ್ಸು ಓಡಿಸಿದವನು. ವಹಿಸಿಕೊಂಡ ಕೆಲಸದಲ್ಲಿ ಕಣ್ಣು ಮುಚ್ಚುವುದು ಅವನಿಂದ ಆಗಲಿಲ್ಲ. ಮನಸ್ಸಿನಲ್ಲೇ ಮನೆದೇವರಿಗೆ ಕೈಮುಗಿದು ಸ್ಟೂಲಿನ ಮೇಲೆ ಕೂತ.

ಇಂಚರಾ ಅವನ ಕಣ್ಣೆದುರಿಗೇ ಇದ್ದಳು. ಬೆನ್ನಿನ ಮೇಲಿದ್ದ ಹದಿನೇಳನೇ ನಂಬರು ಕೆಸರಿನಲ್ಲಿ ಅರ್ಧ ಮುಚ್ಚಿಹೋಗಿತ್ತು, ಒಂದು ಮೊಣಕಾಲಿಗೆ ಪಟ್ಟಿ ಬಿಗಿದಿತ್ತು. ಅವಳು ಏನೋ ಕೂಗಿ ಕೈ ತೋರಿಸಿದರೆ ಮೂವರು ಹುಡುಗಿಯರು ಜಾಗ ಬದಲಿಸಿದರು. ಮನೆಯಲ್ಲಿ ತಟ್ಟೆ ಎತ್ತಿಡು ಎಂದು ಮೂರು ಸಲ ಹೇಳಿಸಿಕೊಳ್ಳುವ ಹುಡುಗಿ ಇವಳೇ ಏನು ಎಂದು ರಾಜಣ್ಣನಿಗೆ ಹೆಮ್ಮೆಯೂ ಆಶ್ಚರ್ಯವೂ ಆಯಿತು.

ಅಷ್ಟರಲ್ಲಿ ಸಿಡ್ನಿಯವರು ಚೆಂಡನ್ನು ಎತ್ತರಕ್ಕೆ ಒದ್ದರು. ಅದು ನೇರವಾಗಿ ಕಂಬಗಳ ಕಡೆಗೇ ಇಳಿಯಿತು. ಇಂಚರಾ ಮತ್ತು ಅವಳಿಗಿಂತ ಒಂದು ಗೇಣು ಎತ್ತರದ ಸಿಡ್ನಿ ಹುಡುಗಿ ಒಟ್ಟಿಗೇ ನೆಗೆದರು. ಇಂಚರಾ ಚೆಂಡನ್ನು ಹಿಡಿಯಲಿಲ್ಲ. ಮುಷ್ಟಿ ಕಟ್ಟಿ ಗುದ್ದಿ, ತನ್ನ ಕಡೆಯ ಪಕ್ಕದ ಕಂಬಗಳ ನಡುವೆ ತಾನೇ ಹಿಂದಕ್ಕೆ ಕಳಿಸಿಬಿಟ್ಟಳು. ಅಂಪೈರ್ ಒಂದೇ ಬಾವುಟ ಬೀಸಿದ. ಸಿಡ್ನಿಗೆ ಒಂದು.

ತಾನು ನೋಡಿ ಎರಡು ನಿಮಿಷ ಆಗಿರಲಿಲ್ಲ. ಮಗಳು ತನ್ನ ಕೈಯಾರೆ ಎದುರಾಳಿಗೆ ಅಂಕ ಕೊಟ್ಟಿದ್ದಳು. ರಾಜಣ್ಣ ಮೂವತ್ತೊಂಬತ್ತನ್ನು ತೆಗೆದು ನಲವತ್ತನ್ನು ತಗುಲಿಸಿದ. ಸೊನ್ನೆಯ ಹಲಗೆ ಕೊಕ್ಕೆಗೆ ಸಿಗದೆ ಒಮ್ಮೆ ಕೆಳಗೆ ಬಿತ್ತು. ಮತ್ತೆ ಕಿಂಡಿಯಲ್ಲಿ ನೋಡಿದಾಗ, ಒಂದು ಅಂಕ ಹೋದ ಮೇಲೆ ಚೆಂಡು ಕಾಯುವವರಿಗೇ ಸಿಗುವ ನಿಯಮದಂತೆ, ಇಂಚರಾ ಕಂಬಗಳ ನಡುವೆ ಚೆಂಡು ಹಿಡಿದು ನಿಂತಿದ್ದಳು. ಆತುರವಿಲ್ಲದೆ ಉಸಿರು ತೆಗೆದುಕೊಂಡು ದೂರಕ್ಕೆ ಒದ್ದಳು. ಚೆಂಡು ನೆಲ ಮುಟ್ಟುವ ಮೊದಲೇ ಆಟ ಮುಗಿದ ಸೈರನ್ ಕೂಗಿತು.

ಒಂದೇ ಅಂಕದ ಗೆಲುವು. ಸುತ್ತಲಿನ ಕಾರುಗಳ ಹಾರನ್ ಒಟ್ಟಿಗೆ ಎದ್ದಿತು. ನಡುವೆ ಯಾರೋ ಅಳುತ್ತಿದ್ದಾರೆ ಅನ್ನಿಸಿತು. ನೋಡಿದರೆ ಅದು ರಾಜಣ್ಣನೇ.

ವಿರುಪಾಕ್ಷ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದರು. "ದಾರ್ಯಾಗ ನಿಂತು ನೋಡಿದ್ನ್ರೀ. ಹಿಡಿಯಾಕ ಹೋಗಿ ಕೈ ಜಾರಿದ್ರ ಆರು ಹೋಗ್ತಿತ್ತು. ಆರು ಉಳಸಾಕ ಒಂದು ಕೊಟ್ಟಾಳ. ಇಷ್ಟು ಶಾಣ್ಯಾತನ ಎಲ್ಲಿಂದ ಬಂತು ಕೂಸಿಗೆ?"

"ಅವರಮ್ಮನ ಕಡೆಯಿಂದ," ಎಂದು ರಾಜಣ್ಣ ಕಣ್ಣೊರೆಸಿಕೊಂಡ.

ಕೆಳಗಿಳಿದಾಗ ಇಂಚರಾ ಕುಂಟುತ್ತಾ ಅವನ ಕಡೆಗೇ ಬರುತ್ತಿದ್ದಳು. ಬಂದವಳು ಕೊನೆಯ ಮೆಟ್ಟಿಲ ಮೇಲೆ ಕುಸಿದು ಕೂತಳು. ಮುಖದಲ್ಲಿ ಗೆದ್ದ ಸಂತೋಷ ಪೂರ್ತಿ ಇರಲಿಲ್ಲ.

"ಫಸ್ಟ್ ಕ್ವಾರ್ಟರ್‌ನಲ್ಲೇ ಕಾರ್ ನೋಡ್ದೆ ಅಪ್ಪಾ. ಎವ್ರಿವನ್ಸ್ ಕಾರ್ ಈ ಕಡೆ ನೋಡ್ತಿದೆ, ನಮ್ದು ಮಾತ್ರ ಆ ಕಡೆ. ಇಷ್ಟು ದೂರ ಬಂದು, ನೋಡೋಕೆ ಇಷ್ಟ ಇಲ್ದೆ ಕೂತಿದೀಯ ಅಂದ್ಕೊಂಡೆ."

ರಾಜಣ್ಣ ಎಲ್ಲ ಹೇಳಿದ. ನೋಡಿದ ಎರಡು, ನೋಡದ ಏಳು, ಇಲ್ಲದ ಡ್ಯೂಟಿ, ಮೇಲಕ್ಕೆ ತಿರುಗಿಸಿದ ಕನ್ನಡಿ. ಹೇಳುತ್ತಾ ಹೇಳುತ್ತಾ ಅವನಿಗೇ ಅದು ದೊಡ್ಡ ಮನುಷ್ಯ ಆಡುವ ಮಾತಿನ ಹಾಗೆ ಕೇಳಿಸಲಿಲ್ಲ.

ಇಂಚರಾ ನಕ್ಕಳು. ನಗು ಮಧ್ಯದಲ್ಲೇ ನಿಂತಿತು. "ಆ ಎರಡು ಮ್ಯಾಚ್‌ನಲ್ಲೂ ನಾನು ಬಾಲ್ ಡ್ರಾಪ್ ಮಾಡ್ದೆ. ಅದಕ್ಕೆ ಸೋತ್ವಿ. ನನ್ ತಪ್ಪನ್ನ ನೀನ್ಯಾಕೆ ತಗೊಂಡೆ?"

ರಾಜಣ್ಣ ಅವಳ ತೋಳಿಗೆ ಮೆತ್ತಿದ್ದ ಕೆಸರನ್ನು ಅಂಗೈಯಿಂದ ಒರೆಸಿದ.

"ನೆಕ್ಸ್ಟ್ ಇಯರ್ ಎಲ್ಲಾ ಮ್ಯಾಚಿಗೂ ಬಾ. ಸೋತ್ರೆ ಸೋಲ್ತೀವಿ. ನೀನು ನೋಡು."

ಮೈದಾನದ ನಡುವೆ ಗೆಳತಿಯರು ಹೆಗಲಿಗೆ ಹೆಗಲು ಕೊಟ್ಟು ದುಂಡಗೆ ನಿಂತು ತಂಡದ ಹಾಡು ಹೇಳಲು ಅವಳನ್ನು ಕೂಗುತ್ತಿದ್ದರು. ಬೇಲಿಯಾಚೆಯಿಂದ ಸರಸ್ವತಿ ಕಂಬಳಿ ಮಡಿಸಿಕೊಂಡು ಬರುತ್ತಿದ್ದಳು. ಇಂಚರಾ ಗೆಳತಿಯರಿಗೆ ಒಂದು ನಿಮಿಷ ಎಂದು ಕೈ ತೋರಿಸಿ, ಊದಿದ ಕಾಲನ್ನು ಮುಂದಕ್ಕೆ ಚಾಚಿದಳು. ರಾಜಣ್ಣ ಹುಲ್ಲಿನ ಮೇಲೆ ಮಂಡಿಯೂರಿ, ಕೆಸರಿನಲ್ಲಿ ಬಿಗಿದುಹೋಗಿದ್ದ ಬೂಟಿನ ಗಂಟನ್ನು ಉಗುರಿನಿಂದ ಬಿಡಿಸತೊಡಗಿದ.