ಗೋಣಿ ಮರದಲ್ಲಿದ್ದವರು

ನನ್ನ ಗಂಡ ಹೇಡಿಯಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಐವತ್ತೆರಡನೇ ಇಸವಿಯಲ್ಲಿ ಕೆಂಗೇರಿಯ ಅರ್ಧ ಊರು ಹಾಗೆ ತಿಳಿದಿತ್ತು. ಉಳಿದರ್ಧ ಊರು ಅವರಿಗೆ ಹುಚ್ಚು ಎಂದು ತೀರ್ಮಾನ ಮಾಡಿತ್ತು. ಗಂಡನ ಹೆಸರನ್ನು ಬಾಯಲ್ಲಿ ಹೇಳಬಾರದೆಂದು ನಮ್ಮತ್ತೆ ಅಕ್ಕಯ್ಯಮ್ಮ ಕಲಿಸಿದ್ದರು. ಬರೆಯಬಾರದೆಂದು ಕಲಿಸಿರಲಿಲ್ಲ, ಏಕೆಂದರೆ ನಾನು ನಾಲ್ಕನೇ ಕ್ಲಾಸು ಓದಿದವಳೆಂಬುದು ಅವರಿಗೆ ಮರೆತೇ ಹೋಗಿತ್ತು. ಆದ್ದರಿಂದ ಧೈರ್ಯವಾಗಿ ಬರೆಯುತ್ತೇನೆ: ವೆಂಕಟರಮಣಪ್ಪ. ಊರಿನವರ ಬಾಯಲ್ಲಿ ಮಿಲಿಟರಿ ವೆಂಕಟರಮಣಪ್ಪ.

ಬರ್ಮಾ ಗಡಿಯ ಯುದ್ಧದಲ್ಲಿ ಅವರು ಸ್ನೈಪರ್ ಆಗಿದ್ದರು. ಎಲ್ಲರ ಜೊತೆ ಸಾಲಾಗಿ ನಿಂತು ಗುಂಡು ಹಾರಿಸುವ ಕೆಲಸವಲ್ಲ ಅದು. ಕಾಡಿನಲ್ಲಿ ಒಬ್ಬರೇ ಮೈಗೆಲ್ಲ ಸೊಪ್ಪು ಕಟ್ಟಿಕೊಂಡು, ಬೆಳಗಿನಿಂದ ಸಂಜೆವರೆಗೆ ಅಲುಗಾಡದೆ ಮಲಗಿ, ದುರ್ಬೀನು ಕೂರಿಸಿದ ರೈಫಲ್ಲಿನಲ್ಲಿ ದೂರದ ಜಪಾನಿನವರನ್ನು ನೋಡುತ್ತಾ ಇರಬೇಕು. ಸಮಯ ಬಂದಾಗ ಒಂದೇ ಗುಂಡು. ನಾನು ಮದುವೆಯಾಗಿ ಬರುವಷ್ಟರಲ್ಲಿ ಊರಿನ ಲೆಕ್ಕದಲ್ಲಿ ಅವರು ಹೊಡೆದವರ ಸಂಖ್ಯೆ ನೂರು ದಾಟಿತ್ತು. ಅವರು ಮಾತ್ರ ಆ ಬಗ್ಗೆ ತುಟಿ ಬಿಚ್ಚಿದವರಲ್ಲ. ಅವರಿಗೆ ಬಂದ ಪದಕವನ್ನು ಅತ್ತೆ ದೇವರ ಗೂಡಿನಲ್ಲಿಟ್ಟು ಶುಕ್ರವಾರ ಶುಕ್ರವಾರ ಕುಂಕುಮ ಹಚ್ಚುತ್ತಿದ್ದರು.

ಅಂಥ ಗಂಡಸು ಹಗಲು ಹೊತ್ತು ಜಗಲಿಯ ಮೇಲೆ ಕೂರುತ್ತಿರಲಿಲ್ಲ. ಅಂಗಳ ದಾಟುವಾಗ ಗೋಡೆಗೆ ಮೈ ಉಜ್ಜಿಕೊಂಡೇ ನಡೆಯುತ್ತಿದ್ದರು. ಬಿಳಿ ಪಂಚೆ ಉಡುತ್ತಿರಲಿಲ್ಲ. ವೃಷಭಾವತಿಯಲ್ಲಿ ಒಗೆದು ತಂದ ಬಿಳಿ ಬಟ್ಟೆಯನ್ನು ನಾನು ಅಂಗಳದ ಹಗ್ಗದ ಮೇಲೆ ಹರವಿದರೆ ಎಳೆದು ಒಳಗೆ ಹಾಕುತ್ತಿದ್ದರು. ರಾಜಾಜಿನಗರದಲ್ಲಿ ಹೊಸದಾಗಿ ಎದ್ದ ಕಾರ್ಖಾನೆಯೊಂದರಲ್ಲಿ ಕಾವಲಿನ ಕೆಲಸ ಸಿಕ್ಕಿತ್ತು. ಗೇಟಿನ ಮುಂದೆ ಬಯಲಿನಲ್ಲಿ ನಿಲ್ಲಬೇಕೆಂದಿದ್ದಕ್ಕೆ ಬಿಟ್ಟು ಬಂದರು. ಬಾವಿಕಟ್ಟೆಯಲ್ಲಿ ರಾಮಮ್ಮ, "ಏನ್ ಹನುಮಕ್ಕ, ನಿಮ್ಮ ಯಜಮಾನ್ರು ಹೊಸ ಮದುವಣಗಿತ್ತಿ ಥರ ಬಾಗ್ಲ ಹಿಂದೆ ನಿಂತ್ಕೊಂಡಿರ್ತಾರಂತೆ?" ಅಂದಳು. ಅವಳ ಕೊಡದ ನೀರನ್ನು ಅವಳ ತಲೆಗೇ ಸುರಿದು ಮನೆಗೆ ಬಂದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲಿ.

ಮನೆಯೆದುರು, ರಾಗಿ ಹೊಲದ ಆಚೆ ಬದಿಗೆ, ಒಂದು ಹಳೆಯ ಗೋಣಿ ಮರವಿತ್ತು. ಅವರ ಕಣ್ಣು ಯಾವಾಗಲೂ ಅದರ ಮೇಲೆಯೇ. ಆ ಮರದ ಹತ್ತಿರಕ್ಕೂ ಅವರು ಹೋದವರಲ್ಲ.

ಇದಕ್ಕೆಲ್ಲ ಕಾರಣ ಅತ್ತೆಗೆ ಗೊತ್ತಿತ್ತು. ಅಂದರೆ, ಗೊತ್ತಿದೆ ಎಂದುಕೊಂಡಿದ್ದರು. "ಇವನು ದಂಡಲ್ಲಿದ್ದಾಗ ಇವರಪ್ಪ ಹೋದ್ರು. ಹೆತ್ತ ಮಗ ಬಂದು ಒಂದು ಹಿಡಿ ಮಣ್ಣು ಹಾಕ್ಲಿಲ್ಲ. ಹಿರೀಕರು ಹಸ್ಕೊಂಡವ್ರೆ ಕಣೆ, ಅದಕ್ಕೇ ಕಾಡ್ತವ್ರೆ" ಎನ್ನುತ್ತಿದ್ದರು. ನಮ್ಮಲ್ಲಿ ಮಹಾಲಯ ಅಮಾವಾಸ್ಯೆಗೆ ಸತ್ತ ಹಿರಿಯರಿಗೆ ಎಡೆ ಇಡುತ್ತೇವೆ. ಬಾಳೆ ಎಲೆಯಲ್ಲಿ ಅವರವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆದು, ಧೂಪ ಹಾಕಿ, ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ನಿಲ್ಲುತ್ತೇವೆ. ಅವರು ಬಂದು ಉಂಡು ಹೋಗಬೇಕು. ಅತ್ತೆ ವರ್ಷ ವರ್ಷ ಎಡೆ ದೊಡ್ಡದು ಮಾಡುತ್ತಾ ಹೋದರು. ಮಾವನಿಗೆ ನಾಟಿ ಕೋಳಿ ಸಾರು ಮತ್ತು ಬೀಡಿ, ಅವರಪ್ಪನಿಗೆ ಹೊಸ ಪಂಚೆ, ಅವರ ತಾತನಿಗೆ ಹೊಗೆಸೊಪ್ಪು. ಆ ಮುತ್ತಾತ ಬದುಕಿದ್ದಾಗಲೂ ಇಷ್ಟು ಉಪಚಾರ ಕಂಡಿರಲಾರರು. ನನ್ನ ಗಂಡ ಮಾತ್ರ ಇದ್ದ ಹಾಗೇ ಇದ್ದರು.

ಆ ವರ್ಷ ಅಮಾವಾಸ್ಯೆಗೆ ಕೆಲವು ದಿನ ಮುಂಚೆ ನಮ್ಮಣ್ಣ ಉಗ್ರಪ್ಪ ಸೂಲಿಕೆರೆಯಿಂದ ಬಂಡಿ ಹೊಡೆದುಕೊಂಡು ಬಂದಿದ್ದ. ಗೋಣಿ ಮರದ ತುಂಬ ಸೊಪ್ಪು ಹಾಗೇ ಇರುವುದನ್ನು ನೋಡಿ, ತನ್ನ ಮೇಕೆಗಳಿಗಾಗುತ್ತದೆಂದು ಯಾರಿಗೂ ಹೇಳದೆ ಮರ ಹತ್ತಿದ. ಮಟಮಟ ಮಧ್ಯಾಹ್ನ. ನಾನು ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದೆ. ಹಿಂದಿನಿಂದ ಒಂದು ಕೈ ನನ್ನ ಹೆಗಲು ಹಿಡಿದು ಒಳಗೆ ಎಳೆಯಿತು. ಮೊರ ಬೋರಲಾಗಿ ಅಕ್ಕಿಯೆಲ್ಲ ಚೆಲ್ಲಿತು.

"ಬಗ್ಗು," ಎಂದರು ನನ್ನ ಗಂಡ. "ಮರದಲ್ಲವ್ನೆ. ಹೊಳೀತು."

ಹೊಲಕ್ಕೆ ಬರುವ ಹಂದಿ ಹೊಡೆಯಲು ಮಾವ ಇಟ್ಟಿದ್ದ ಬಂದೂಕು ಅಟ್ಟದ ಮೇಲಿತ್ತು. ಅದು ಯಾವಾಗ ಅವರ ಕೈಗೆ ಬಂತೋ, ಯಾವಾಗ ಮದ್ದು ತುಂಬಿದರೋ ನಾನು ಕಾಣೆ. ಬಾಗಿಲಿನ ಹಿಂದೆ ಕತ್ತಲಲ್ಲಿ ಮಂಡಿಯೂರಿ ಗುರಿ ಹಿಡಿದಿದ್ದರು. ನೀರಿನ ಲೋಟ ಹಿಡಿದರೂ ನಡುಗುವ ಕೈ ಆಗ ನಡುಗುತ್ತಿರಲಿಲ್ಲ. ಅದನ್ನು ನೋಡಿಯೇ ನನಗೆ ಹೆದರಿಕೆಯಾದದ್ದು. ಹೊರಗೆ ನೋಡಿದರೆ ಎಲೆಗಳ ನಡುವೆ ಅಣ್ಣನ ಕೆಂಪು ತಲೆವಸ್ತ್ರ, ಬಿಸಿಲಿಗೆ ಮಿಂಚುವ ಕುಡುಗೋಲು.

ಕೂಗಿದರೆ ಬೆಚ್ಚಿ ಗುಂಡು ಹಾರಿಸಿಬಿಟ್ಟಾರು. ನಾನು ಕೂಗಲಿಲ್ಲ. ಎದ್ದು ಹೋಗಿ ಬಾಗಿಲಿನ ನಡುವೆ, ಬಂದೂಕಿನ ಬಾಯಿಗೆ ಎದುರಾಗಿ ನಿಂತೆ.

"ಅದು ನಮ್ಮಣ್ಣ. ಮೇಕೆಗೆ ಸೊಪ್ಪು ಕಡೀತವ್ನೆ. ಹೊಳೆದಿದ್ದು ಕುಡುಗೋಲು."

"ಪಕ್ಕಕ್ಕೆ ಸರಿ ಹನುಮಿ."

"ಸರಿಯೋದಿಲ್ಲ. ಹೊಡೆಯೋದಾದ್ರೆ ನನ್ನನ್ನ ದಾಟಿಸಿ ಹೊಡೀರಿ."

ಅವರ ಕಣ್ಣು ನಿಧಾನವಾಗಿ ನನ್ನ ಮುಖಕ್ಕೆ ಬಂತು. ಬಂದೂಕು ಕೆಳಗಿಳಿಯಿತು. ಚೆಲ್ಲಿದ ಅಕ್ಕಿಯ ಮೇಲೆಯೇ ಕುಸಿದು ಕೂತರು.

ಮರದ ಮೇಲಿಂದ ಉಗ್ರಪ್ಪ ಎಲ್ಲವನ್ನೂ ನೋಡಿದ್ದ. ಇಳಿದು ಬಂದಾಗ ಅವನ ಮುಖದಲ್ಲಿ ರಕ್ತವಿರಲಿಲ್ಲ. "ಹಬ್ಬಕ್ಕೆ ಬರ್ತೀನಿ," ಅಂದ. "ಮಾರನೇ ದಿನ ನಿನ್ನ ಬಂಡೀಲಿ ಕೂರಿಸ್ಕೊಂಡು ಹೋಗ್ತೀನಿ. ಗಂಟು ಕಟ್ಟಿಡು. ಇವತ್ತು ನಾನು, ನಾಳೆ ನೀನು. ತಂಗೀನ ಕೊಟ್ಟಿದ್ದು ಬಾಳ್ಲಿ ಅಂತ, ಹೆಣ ನೋಡಕ್ಕಲ್ಲ." ಅವನ ಮಾತಿನಲ್ಲಿ ತಪ್ಪು ಹುಡುಕಲು ಹೋದೆ, ಸಿಗಲಿಲ್ಲ. ಅಪ್ಪ ಇಲ್ಲದ ಮನೆಗೆ ಅವನೇ ಯಜಮಾನ, ಅವನು ಕರೆದರೆ ಹೋಗಬೇಕು. ನನಗೋ ಈ ಗಂಡನೇ ಬೇಕಾಗಿತ್ತು. ಎರಡು ವರ್ಷದಲ್ಲಿ ನನ್ನ ಮೇಲೆ ಒಂದು ಸಲವೂ ದನಿ ಎತ್ತಿದವರಲ್ಲ, ನಾನು ಎತ್ತಿದ ದನಿಗೆ ನಕ್ಕು ಸುಮ್ಮನಾದವರು.

ಅಂದು ಸಂಜೆ ಹಿತ್ತಿಲಲ್ಲಿ ಅವರ ಎದುರು ಕೂತು ನೇರವಾಗಿ ಕೇಳಿದೆ. "ಮರದಲ್ಲಿ ಯಾರವ್ರೆ?"

"ಏಳು ಜನ," ಎಂದರು. "ಉಳಿದ ಸಿಪಾಯಿಗಳಿಗೆ ತಾವು ಹೊಡೆದೋರ ಮುಖ ಗೊತ್ತಿರಲ್ಲ. ನನ್ನ ಕೆಲಸ ಹಂಗಲ್ಲ. ಇಡೀ ದಿನ ನೋಡ್ತಿದ್ದೆ. ಯಾರು ಕುಂಟ್ತಾನೆ, ಯಾರು ಯಾರಿಗೆ ಗೆಳೆಯ, ಗೆಣೆಕಾರ, ಎಲ್ಲ ಗೊತ್ತಾಗೋದು. ಆಮೇಲೆ ಹೊಡೀತಿದ್ದೆ. ಅವರು ನನ್ನ ಒಂದ್ಸಲಾನೂ ನೋಡ್ಲಿಲ್ಲ. ಈಗ ಆ ಮರದಲ್ಲಿ ಕೂತ್ಕೊಂಡು ಅವರು ನೋಡ್ತವ್ರೆ."

ಅಡುಗೆ ಮನೆಯ ಹೆಂಗಸು ಕೇಳುವುದನ್ನೇ ಕೇಳಿದೆ. "ಅವರು ಏನು ಉಣ್ತಿದ್ರು?"

"ಅನ್ನ. ಉಪ್ಪು ಹಾಕಿ ಅಂಗೈಯಲ್ಲಿ ಉಂಡೆ ಕಟ್ಕೊಳ್ಳೋರು, ನಮ್ಮ ಮುದ್ದೆ ಥರ."

ನನಗೆ ತಟ್ಟನೆ ಸಿಟ್ಟು ಬಂತು. ಇಷ್ಟು ವರ್ಷ ಹೊಟ್ಟೆ ತುಂಬಿದ ಮುತ್ತಾತನಿಗೆ ಕೋಳಿ ಕೊಯ್ದಿದ್ದೇ ಕೊಯ್ದಿದ್ದು. ಹಸಿದವರು ಬೇರೆಯವರು, ಮನೆಯೆದುರೇ ಕಾದು ಕೂತಿದ್ದರು.

ಅಮಾವಾಸ್ಯೆಯ ದಿನ ಹಿರಿಯರ ಎಲೆಗಳ ಸಾಲಿನಲ್ಲೇ ಇನ್ನೂ ಏಳು ಎಲೆ ಹಾಸಿದೆ. ಉಪ್ಪು ಹಾಕಿದ ಅನ್ನದ ಉಂಡೆ, ಪಕ್ಕದಲ್ಲಿ ನಮ್ಮ ಕಜ್ಜಾಯ, ವಡೆ. ಅತ್ತೆ ನೋಡಿದ್ದೇ ಕೆಂಡವಾದರು. "ನನ್ನ ಮಗನ ಪ್ರಾಣ ತೆಗೆಯೋಕೆ ಬಂದಿದ್ದೋರಿಗೆ ನಮ್ಮೋರ ಪಂಕ್ತೀಲಿ ಊಟಾನಾ?"

"ನಿಮ್ಮ ಮಗನೇ ಅವರ ಪ್ರಾಣ ತೆಗೆದಿದ್ದು ಅತ್ತೆ. ಅವರವ್ವಂದಿರಿಗೆ ಹೆಣಾನೂ ಸಿಗ್ಲಿಲ್ಲ. ಮಣ್ಣು ಹಾಕೋರಿಲ್ಲ, ಎಡೆ ಇಡೋರಿಲ್ಲ. ನಾವಲ್ದೆ ಇನ್ಯಾರು ಇಡ್ಬೇಕು?"

ಅತ್ತೆ ಪಕ್ಕಕ್ಕೆ ಸರಿದರು. ಆದರೆ ಎಡೆಗೆ ಹೆಸರು ಕರೆಯಲು ಬಂದಿದ್ದ ಮರಿಯಪ್ಪನವರು, ನಮ್ಮ ವಂಶಕ್ಕೇ ಹಿರಿಯರು, ಹೊಸ್ತಿಲಲ್ಲಿ ನಿಂತು ತಲೆಯಾಡಿಸಿದರು. "ಇಡೋದೇನೋ ಇಡವ್ವ. ಹೆಸರು ಹಿಡಿದು ಕರೀದೆ ಯಾರೂ ಹೊಸ್ತಿಲು ದಾಟಲ್ಲ. ಅವರ ಹೆಸರೇನು?"

ಜಗಲಿಯ ಮೇಲೆ ಉಗ್ರಪ್ಪ ಕೂತಿದ್ದ, ಹೊರಗೆ ಅವನ ಬಂಡಿ ನಿಂತಿತ್ತು, ಒಳಕೋಣೆಯಲ್ಲಿ ನನ್ನ ಗಂಟು. ಎಲ್ಲ ಮುಗಿಯಿತು ಎಂದುಕೊಂಡೆ. ಆಗ ನನ್ನ ಗಂಡ ಕೋಣೆಯಿಂದ ಹೊರಬಂದರು. ಮಾವನ ಅಪ್ಪನ ಎಡೆಗೆಂದು ಇಟ್ಟಿದ್ದ ಹೊಸ ಬಿಳಿ ಪಂಚೆ ಉಟ್ಟಿದ್ದರು. ಗೋಡೆ ಹಿಡಿಯಲಿಲ್ಲ. ನೆಟ್ಟಗೆ ಅಂಗಳದ ನಡುವೆ, ಸುಡುವ ಬಿಸಿಲಿನಲ್ಲಿ, ಗೋಣಿ ಮರಕ್ಕೆ ಎದೆಯೊಡ್ಡಿ ನಿಂತರು.

"ಹೆಸರು ಗೊತ್ತಿಲ್ಲ," ಎಂದರು. "ಆದ್ರೆ ಕರೀತೀನಿ."

ಕರೆದರು. ಮರಿಯಪ್ಪನವರು ಹಿರಿಯರನ್ನು ಕರೆಯುವ ಹಾಗೇ, ದೊಡ್ಡ ದನಿಯಲ್ಲಿ.

"ಹೊಳೆ ದಂಡೇಲಿ ಅಂಗಿ ಒಗೆದು ಕೊಂಬೆಗೆ ಹಾಕ್ತಿದ್ದೋನೇ, ಬಾರಪ್ಪ. ಗೆಣೆಕಾರನ ತಲೆ ಬೋಳಿಸ್ತಾ ನಗ್ತಿದ್ದೋನೇ, ಬಾ. ಬೂಟು ಬಿಚ್ಚಿ ಊದಿದ ಕಾಲು ನೋಡ್ಕೋತಿದ್ದೋನೇ, ಕುಂಟ್ಕೊಂಡೇ ಬಾ. ನೆಲಕ್ಕೆ ಹಣೆ ಹಚ್ಚಿ ಕೈ ಮುಗೀತಿದ್ದೋನೇ, ಬಾ. ಅನ್ನದುಂಡೆ ಮುರಿದು ಅರ್ಧ ಪಕ್ಕದೋನ್ಗೆ ಕೊಟ್ಟೋನೇ, ಬಾ. ಅದನ್ನ ಈಸ್ಕೊಂಡೋನೇ, ನೀನೂ ಬಾ."

ಉಗ್ರಪ್ಪ ಜಗಲಿಯಿಂದ ಎದ್ದು ನಿಂತು ತಲೆವಸ್ತ್ರ ತೆಗೆದ. ಇನ್ನೊಬ್ಬ ಉಳಿದಿದ್ದ. ನನ್ನ ಗಂಡನ ಕಣ್ಣು ಮರವನ್ನು ಬಿಡಲಿಲ್ಲ.

"ಮರದ ಮೇಲೆ ನನ್ನ ಹಂಗೇ ಸೊಪ್ಪು ಕಟ್ಕೊಂಡು ಕೂತಿದ್ದೋನೇ. ನನ್ನ ಗೆಣೆಕಾರ ಚನ್ನಕೇಶವನ್ನ ನೀನು ಹೊಡ್ದೆ. ನಿನ್ನ ನಾನು ಹೊಡ್ದೆ. ಸಾಕು ಮಾರಾಯ. ಇಳಿದು ಬಾ. ಊಟ ಮಾಡು."

ಅತ್ತೆ ಒಳಗೆ ಹೋದರು. ಮಾವನ ಎಲೆಯ ಪಕ್ಕದಲ್ಲಿದ್ದ ಬೀಡಿ ಕಟ್ಟಿನಿಂದ ಒಂದೊಂದೇ ತೆಗೆದು ಏಳು ಎಲೆಗಳ ಬದಿಗೂ ಇಟ್ಟು, ಇನ್ನೊಂದು ಎಲೆ ಹಾಸಿ ಚನ್ನಕೇಶವನಿಗೂ ಬಡಿಸಿ, ಕಣ್ಣೊರೆಸಿಕೊಂಡು ಬಂದು ಬಾಗಿಲೆಳೆದರು. ಎಲ್ಲರೂ ಹೊರಗೆ ನಿಂತೆವು. ನಾವು ಮಾಡಿನ ನೆರಳಲ್ಲಿ, ನನ್ನ ಗಂಡ ಅಂಗಳದ ಬಿಸಿಲಲ್ಲಿ. ಆ ಹೊತ್ತು ನನಗೆ ಬಂದ ಹೆಮ್ಮೆ ಯಾವ ಪದಕಕ್ಕೂ ಬಂದಿರಲಿಲ್ಲ. ರಾಮಮ್ಮ ನೋಡಬೇಕಿತ್ತು ಅನಿಸಿತು. ನಾನು ಅಂಥವಳೇ.

ಮಾರನೇ ಬೆಳಿಗ್ಗೆ ಉಗ್ರಪ್ಪ ನನ್ನ ಗಂಟು ಕೇಳಲಿಲ್ಲ. ಬಂಡಿಯಿಂದ ಕುಡುಗೋಲು ತೆಗೆದುಕೊಂಡು, ನನ್ನ ಗಂಡನ ಮುಖವನ್ನೊಮ್ಮೆ ನೋಡಿ, ಹೊಲ ದಾಟಿ ಹೋಗಿ ಗೋಣಿ ಮರ ಹತ್ತಿದ. ಅವನೂ ಗಂಡಸೇ, ಒಪ್ಪಬೇಕು. ನನ್ನ ಗಂಡ ಅವನ ಹಿಂದೆಯೇ ನಡೆದುಹೋಗಿ ಮರದ ಬುಡದಲ್ಲಿ ನಿಂತರು. ಮೇಲೆ ಕುಡುಗೋಲು ಫಳ್ಳನೆ ಹೊಳೆಯಿತು. ಅವರ ಹೆಗಲು ಬೆಚ್ಚಿಬಿದ್ದದ್ದು ನನಗೆ ಬಾಗಿಲಿನವರೆಗೂ ಕಂಡಿತು. ಕಾಲು ಮಾತ್ರ ಕದಲಲಿಲ್ಲ.

"ಭಾವ," ಎಂದು ಕೂಗಿದರು, "ಬಲಗಡೆ ಕವಲಿನ ಹಿಂದಿನ ಕೊಂಬೆ ಕಡೀರಿ. ಅದರಲ್ಲಿ ಸೊಪ್ಪು ಜಾಸ್ತಿ."

ಆ ಮರದ ಒಂದೊಂದು ಕೊಂಬೆಯೂ ಅವರಿಗೆ ಗೊತ್ತಿತ್ತು. ಅಣ್ಣ ಕಡಿದು ಹಾಕಿದ, ಅವರು ಹೊರೆ ಕಟ್ಟಿ ಬಂಡಿಗೆ ತುಂಬಿದರು. ನಾನು ಗಂಟು ಬಿಚ್ಚಿ, ನನ್ನ ಕೆಂಪು ಅಂಚಿನ ಬಿಳಿ ಸೀರೆಯನ್ನು ಒದ್ದೆ ಮಾಡಿ ಅಂಗಳದ ಹಗ್ಗದ ಮೇಲೆ ಉದ್ದಕ್ಕೆ ಹರವಿದೆ. ಹೊತ್ತೇರುವಷ್ಟರಲ್ಲಿ ಬಂಡಿ ತುಂಬ ಸೊಪ್ಪು ಸೂಲಿಕೆರೆಗೆ ಹೋಯಿತು. ನಾನು ಹೋಗಲಿಲ್ಲ.